ಮದುವೆಯ ಉಂಗುರ ಯಾರ ದುಡ್ಡಿನದು?

ಆಂಧ್ರದ ಆದವಾನಿ ಸೀಮೆಯ ಮದುವೆಗಳಲ್ಲಿ ಉಂಗುರಕ್ಕೆ ಹಿಂದಿನಿಂದಲೂ ಎರಡು ಜಾಗಗಳಿವೆ. ಒಂದು, ಬಣ್ಣದ ನೀರು ತುಂಬಿದ ಬಿಂದಿಗೆ. ತಾಳಿ ಕಟ್ಟಿದ ಮೇಲೆ ಅದರೊಳಗೆ ಉಂಗುರ ಹಾಕಿ, ಮದುಮಕ್ಕಳಿಬ್ಬರೂ ಒಟ್ಟಿಗೆ ಕೈ ಇಳಿಸಿ ಹುಡುಕಬೇಕು. ಯಾರ ಕೈಗೆ ಸಿಕ್ಕಿತೋ ಮನೆಯಲ್ಲಿ ಅವರದೇ ಮಾತು ನಡೆಯುತ್ತದೆ ಎಂದು ಸುತ್ತ ನಿಂತವರು ಕೇಕೆ ಹಾಕುತ್ತಾರೆ. ಇನ್ನೊಂದು, ಮಾತುಕತೆಯ ದಿನ ಹಿರಿಯರು ಕೂತು ಬರೆಸುವ ಯಾದಿ: ಅಳಿಯನಿಗೆ ಇಷ್ಟು ತೂಕದ ಉಂಗುರ, ಇಷ್ಟು ತೂಕದ ಚೈನು. ಮೊದಲನೆಯದು ಆಟ, ಎರಡನೆಯದು ವ್ಯವಹಾರ. ಈಚೆಗೆ ಮೂರನೆಯ ಜಾಗವೊಂದು ಸೇರಿಕೊಂಡಿದೆ. ನಿಶ್ಚಿತಾರ್ಥದ ವೇದಿಕೆಯ ಮೇಲೆ, ಫೋಟೋದವರು ಹೇಳಿದ ಕಡೆ ಮುಖ ಮಾಡಿ, ಹುಡುಗ ಹುಡುಗಿ ಒಬ್ಬರಿಗೊಬ್ಬರು ಉಂಗುರ ತೊಡಿಸುತ್ತಾರೆ.

ಈ ಮೂರನೆಯ ಉಂಗುರದ ಬಗ್ಗೆ ನಮ್ಮ ಹುಡುಗ ಹುಡುಗಿಯರು ಹಲವು ಪ್ರಶ್ನೆ ಕೇಳುತ್ತಿದ್ದಾರೆ. ಚಿನ್ನವೇ ಆಗಬೇಕೆ? ಹರಳು ಇರಲೇಬೇಕೆ? ಬೆಳ್ಳಿಯದೋ ಉಕ್ಕಿನದೋ ಹಾಕಿಕೊಂಡರೆ ಅದು ಮದುವೆಯ ಉಂಗುರ ಆಗುವುದಿಲ್ಲವೆ? ಆಗುತ್ತದೆ, ಧಾರಾಳವಾಗಿ ಆಗುತ್ತದೆ. ಆದರೆ ಯಾವ ಲೋಹ ಎನ್ನುವುದಕ್ಕಿಂತ ಮೊದಲು, ಯಾರ ದುಡ್ಡಿನದು ಎಂದು ಕೇಳಿಕೊಳ್ಳಬೇಕು. ಅಲ್ಲಿಗೆ ಬರುವ ಮುಂಚೆ ಉಂಗುರ ಎಲ್ಲಿಂದ ಬಂತು, ಅದಕ್ಕೆ ಈ ಬೆಲೆ ಹೇಗೆ ಕೂತಿತು ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ.

ನಮ್ಮ ಕಡೆಯ ಹಳೆಯ ಮದುವೆಗಳಲ್ಲಿ ಗಂಡು ಹೆಣ್ಣನ್ನು ಕೂಡಿಸಿದ್ದು ಉಂಗುರವಲ್ಲ, ನೂಲು. ಸುರಗಿ ಸುತ್ತುವುದನ್ನು ನೋಡಿದವರಿಗೆ ಇದು ಗೊತ್ತು. ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಕೊರಳಿಗೆ ಬಿಳಿ ನೂಲನ್ನು ಸುತ್ತು ಹಾಕುತ್ತಾರೆ. ಆ ಚೌಕದೊಳಗೆ ಮದುಮಕ್ಕಳನ್ನು ಕೂರಿಸಿ, ಎಣ್ಣೆ ಹಚ್ಚಿ, ಮುತ್ತೈದೆಯರು ಹಾಡು ಹೇಳುತ್ತ ನೀರು ಹಾಕುತ್ತಾರೆ. ಆಮೇಲೆ ಅದೇ ನೂಲನ್ನು ಬಿಚ್ಚಿ, ಅರಿಷಿಣ ಸವರಿ, ಅರಿಷಿಣದ ಕೊಂಬೊಂದನ್ನು ಕಟ್ಟಿದರೆ ಕಂಕಣ ಸಿದ್ಧ. ಒಂದು ಗಂಡಿನ ಕೈಗೆ, ಒಂದು ಹೆಣ್ಣಿನ ಕೈಗೆ. ಇಬ್ಬರನ್ನೂ ಒಟ್ಟಿಗೆ ಸುತ್ತುವರಿದ ನೂಲೇ ಎರಡು ಪಾಲಾಗಿ ಇಬ್ಬರ ಕೈಯಲ್ಲೂ ಉಳಿಯುತ್ತದೆ. ಗಂಡಿಗೆ ಹೆಚ್ಚು ತೂಕ, ಹೆಣ್ಣಿಗೆ ಕಡಿಮೆ ಎನ್ನುವುದು ಇದರಲ್ಲಿ ಇಲ್ಲ. ಖರ್ಚು ಒಂದು ಲಡಿ ನೂಲಿನದು. ಇದಕ್ಕಿಂತ ಅರ್ಥ ತುಂಬಿದ ಮದುವೆಯ ಗುರುತನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಈ ಕಂಕಣದ ನೂಲು ಯಾವುದು ಎನ್ನುವುದರ ಮೇಲೆಯೇ ಒಂದು ಸಮುದಾಯದ ಒಳಪಂಗಡಗಳು ಗುರುತಾಗಿವೆ. ಆದವಾನಿ, ಆಲೂರು, ಹೊಳಗುಂದ, ಕೌತಾಳಂ ಕಡೆ ದೊಡ್ಡ ಸಂಖ್ಯೆಯಲ್ಲಿರುವ ಕುರುಬರಲ್ಲಿ ಉಣ್ಣೆ ಕಂಕಣದವರು, ಹತ್ತಿ ಕಂಕಣದವರು ಎಂಬ ಎರಡು ಪಂಗಡಗಳಿವೆ. ಒಬ್ಬರದು ಕುರಿಯ ಉಣ್ಣೆ, ಇನ್ನೊಬ್ಬರದು ಹೊಲದ ಹತ್ತಿ. ದುಡಿಮೆ ಯಾವುದೋ ಮದುವೆಯ ಗುರುತೂ ಅದರಿಂದಲೇ ಬಂದಂತಿದೆ. ಹತ್ತಿಯ ಅಂಡಿಗೆಗಳಿಂದ ಮಾರ್ಕೆಟ್ ಯಾರ್ಡು ತುಂಬುವ ಆದವಾನಿಯಲ್ಲಿ, ಬೇರೆ ಥರದ ಉಂಗುರ ಬೇಕೆನ್ನುವ ಜೋಡಿ ಮೊದಲು ನೋಡಬೇಕಾದದ್ದು ತಮ್ಮ ಮನೆಯ ಕಂಕಣವನ್ನು.

ಇನ್ನು ಕಾಲುಂಗುರ. ಅದು ಬೆಳ್ಳಿಯದು, ಕಾಲಿನ ಎರಡನೆಯ ಬೆರಳಿಗೆ. ಸೊಂಟದ ಕೆಳಗೆ ಚಿನ್ನ ಹಾಕಬಾರದು, ಅದು ಲಕ್ಷ್ಮಿ ಎಂಬ ನಂಬಿಕೆ ನಮ್ಮಲ್ಲಿ ಈಗಲೂ ಗಟ್ಟಿ. ಹಾಗೆ ನೋಡಿದರೆ ನಮ್ಮ ಹೆಣ್ಣುಮಕ್ಕಳ ನಿಜವಾದ ಮದುವೆಯುಂಗುರ ಬೆಳ್ಳಿಯದೇ. ಬೆಳ್ಳಿಯ ಉಂಗುರ ಮದುವೆಗೆ ಹೊಂದುವುದಿಲ್ಲ ಎನ್ನುವವರು ತಮ್ಮ ತಾಯಿಯ ಕಾಲು ನೋಡಿಕೊಳ್ಳಲಿ. ಪೂಜೆ ಪುನಸ್ಕಾರದ ಹೊತ್ತಿಗೆ ಉಂಗುರದ ಬೆರಳಿಗೆ ಹಾಕುವ ಪವಿತ್ರವಂತೂ ದರ್ಭೆಯ ಹುಲ್ಲಿನದು. ಕನ್ಯಾದಾನದಂಥ ದೊಡ್ಡ ಕ್ರಿಯೆಗೆ ಕೂತವನ ಬೆರಳಲ್ಲಿ ಇರುವುದು ಹುಲ್ಲಿನ ಉಂಗುರ.

ಕಾನೂನು ಏನನ್ನುತ್ತದೆ ಎಂದು ಕೇಳುವವರಿಗೆ ಉತ್ತರ ಸರಳ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರ ಗಂಡಿನ ಅಥವಾ ಹೆಣ್ಣಿನ ಕಡೆಯ ರೂಢಿಯ ಶಾಸ್ತ್ರಗಳು ನಡೆಯಬೇಕು. ಸಪ್ತಪದಿ ಇರುವವರಲ್ಲಿ ಏಳನೆಯ ಹೆಜ್ಜೆಗೆ ಮದುವೆ ಪೂರ್ತಿಯಾಗುತ್ತದೆ. ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟು ಇದ್ದರೆ ಸಾಲದು ಎಂದು ಸುಪ್ರೀಂ ಕೋರ್ಟು 2024ರಲ್ಲಿ ಮತ್ತೊಮ್ಮೆ ಹೇಳಿದೆ. ಉಂಗುರದ ಮಾತು ಅಲ್ಲೆಲ್ಲೂ ಇಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ವಿವಾಹ ಅಧಿಕಾರಿಯ ಮತ್ತು ಮೂವರು ಸಾಕ್ಷಿಗಳ ಮುಂದೆ ಇಬ್ಬರೂ ಬಾಯಿಬಿಟ್ಟು ಒಪ್ಪಿದರೆ ಆಯಿತು. ಉಂಗುರಕ್ಕೆ ಕಾನೂನಿನ ಬಲ ಕೊಟ್ಟದ್ದು ತಮಿಳುನಾಡು. ಪುರೋಹಿತರಿಲ್ಲದೆ ನಡೆಯುವ ಸ್ವಾಭಿಮಾನದ ಮದುವೆಗಳಿಗೆ ಮಾನ್ಯತೆ ಕೊಡಲು 1967ರಲ್ಲಿ ಅಲ್ಲಿ ಸೇರಿಸಿದ 7-ಎ ಕಲಮು, ಬಂಧುಮಿತ್ರರ ಮುಂದೆ ಒಬ್ಬರನ್ನೊಬ್ಬರು ಗಂಡ, ಹೆಂಡತಿ ಎಂದು ಒಪ್ಪಿಕೊಂಡರೂ ಸರಿ, ಹಾರ ಬದಲಿಸಿದರೂ ಸರಿ, ಪರಸ್ಪರ ಯಾವ ಬೆರಳಿಗಾದರೂ ಉಂಗುರ ತೊಡಿಸಿದರೂ ಸರಿ, ತಾಳಿ ಕಟ್ಟಿದರೂ ಸರಿ ಎಂದಿತು. ಯಾವ ಬೆರಳಿಗಾದರೂ ಎಂದೇ ಅದರಲ್ಲಿದೆ. ಯಾವ ಲೋಹ ಎಂದು ಇಲ್ಲವೇ ಇಲ್ಲ. ನಾವೂ ಒಂದು ಕಾಲಕ್ಕೆ ಮದ್ರಾಸ್ ರಾಜ್ಯದವರೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ್ದರಿಂದ ಆ ತಿದ್ದುಪಡಿ ನಮ್ಮವರೆಗೆ ಬರಲಿಲ್ಲ. ಆದರೂ ಆ ಕಲಮಿನ ಉದಾರತೆ ನನಗೆ ಬಹಳ ಹಿಡಿಸುತ್ತದೆ.

ಉಂಗುರಕ್ಕೆ ಎಡಗೈಯ ನಾಲ್ಕನೆಯ ಬೆರಳೇ ಏಕೆ ಎನ್ನುವುದಕ್ಕೂ ಒಂದು ಹಳೆಯ ಕತೆ ಇದೆ. ಆ ಬೆರಳಿನಿಂದ ನೇರ ಹೃದಯಕ್ಕೆ ಒಂದು ನರ ಹೋಗುತ್ತದೆಂದು ಈಜಿಪ್ಟಿನವರು ಹೇಳುತ್ತಿದ್ದರು ಎಂದು ರೋಮಿನ ಲೇಖಕರು ಬರೆದಿಟ್ಟರು. ಅಂಥ ವಿಶೇಷದ ನರ ಯಾವ ಬೆರಳಿಗೂ ಇಲ್ಲ. ರೋಮಿನಲ್ಲಿ ನಿಶ್ಚಯದ ಉಂಗುರ ಬಹಳ ಕಾಲ ಕಬ್ಬಿಣದ್ದಾಗಿತ್ತು ಎನ್ನುವುದನ್ನು ಮಾತ್ರ ನೆನಪಿಡಬಹುದು. ಗಂಡಸರೂ ಮದುವೆಯ ಉಂಗುರ ಹಾಕುವುದು ಅಮೆರಿಕದಲ್ಲಿ ರೂಢಿಗೆ ಬಂದದ್ದು ಎರಡನೆಯ ಮಹಾಯುದ್ಧದ ಹೊತ್ತಿಗೆ. ಸನಾತನ ಎಂದು ನಮಗೆ ಕಾಣುವ ಜೋಡಿ ಉಂಗುರದ ಪದ್ಧತಿ ಅಲ್ಲಿ ರೂಢಿಯಾಗಿ ಇನ್ನೂ ನೂರು ವರ್ಷ ತುಂಬಿಲ್ಲ.

ವಜ್ರದ ಮಾತಿಗೆ ಬಂದರೆ ನಾವು ಸ್ವಲ್ಪ ನಿಧಾನಿಸಬೇಕು. ಅದು ನಮ್ಮ ಮಣ್ಣಿನ ವಿಷಯ.

ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ದಿನ ತುಗ್ಗಲಿ, ಜೊನ್ನಗಿರಿ, ಮದ್ದಿಕೆರ, ಪಗಿಡಿರಾಯಿ ಕಡೆಯ ಕೆಂಪು ಹೊಲಗಳಿಗೆ ಹೋದವರು ಈ ನೋಟ ಕಂಡಿರುತ್ತಾರೆ. ಹೊಲದ ತುಂಬ ಮಂದಿ, ಸೊಂಟ ಬಗ್ಗಿಸಿ, ನೆಲದಿಂದ ಕಣ್ಣು ಕೀಳದೆ ಒಂದೊಂದೇ ಹೆಜ್ಜೆ ಇಡುತ್ತಿರುತ್ತಾರೆ. ಮಳೆಗೆ ಮೇಲಿನ ಮಣ್ಣು ಕೊಚ್ಚಿ ಹೋಗಿ ಹರಳುಕಲ್ಲು ತೊಳೆದಂತಾಗಿರುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಯಾವುದೋ ಒಂದು ಮಿಂಚಬಹುದು. ದೂರದ ಜಿಲ್ಲೆಗಳಿಂದ, ಕರ್ನಾಟಕದಿಂದಲೂ ಬಂದವರು ಬುತ್ತಿ ಕಟ್ಟಿಕೊಂಡು ಮರದಡಿ, ಗುಡಿಯಲ್ಲಿ ರಾತ್ರಿ ಕಳೆಯುತ್ತಾರೆ. ಸಿಕ್ಕಿದರೆ ಕೊಳ್ಳಲು ವ್ಯಾಪಾರಿಗಳು ಕಾದಿರುತ್ತಾರೆ. ಹೆಚ್ಚಿನವರಿಗೆ ಏನೂ ಸಿಕ್ಕುವುದಿಲ್ಲ. ಸಿಕ್ಕ ಒಬ್ಬನ ಸುದ್ದಿ ಪತ್ರಿಕೆಯಲ್ಲಿ ಬಂತೆಂದರೆ ಮರುದಿನ ಇನ್ನಷ್ಟು ಮಂದಿ. ಭೂಮಿಯೊಳಗೆ ಬಹಳ ಆಳದಲ್ಲಿ ಹುಟ್ಟಿದ ವಜ್ರವನ್ನು ಮೇಲಕ್ಕೆ ಹೊತ್ತು ತಂದ ಕಿಂಬರ್ಲೈಟ್ ಕೊಳವೆಗಳು ಪಕ್ಕದ ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿವೆ. ಆ ಊರಿನ ಹೆಸರಲ್ಲೇ ವಜ್ರ ಇದೆ.

18ನೇ ಶತಮಾನದ ಆರಂಭದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವ ತನಕ ಯುರೋಪಿನ ಅರಸರು ತೊಟ್ಟದ್ದು ಹೆಚ್ಚಾಗಿ ಭಾರತದ ವಜ್ರವನ್ನೇ. 16ನೇ ಶತಮಾನದಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನೀಜ್, ವಜ್ರದ ಗಣಿ ಗುತ್ತಿಗೆ ಪಡೆದ ನಾಯಕನೊಬ್ಬ 20 ಮಂಗೆಲಿನ್‌ಗಿಂತ (ವಜ್ರ ತೂಗುವ ಅಂದಿನ ಅಳತೆ) ಹೆಚ್ಚು ತೂಕದ ಹರಳುಗಳನ್ನೆಲ್ಲ ಅರಸನ ಬೊಕ್ಕಸಕ್ಕೆ ಒಪ್ಪಿಸಬೇಕಿತ್ತು ಎಂದು ಬರೆದಿದ್ದಾನೆ. ಆಸ್ಟ್ರಿಯದ ರಾಜಕುಮಾರ ಮ್ಯಾಕ್ಸಿಮಿಲಿಯನ್ 1477ರಲ್ಲಿ ಬರ್ಗಂಡಿಯ ಮೇರಿಗೆ ಕೊಟ್ಟ ಉಂಗುರವನ್ನು ವಜ್ರದ ನಿಶ್ಚಯದುಂಗುರಗಳಿಗೆ ಮೊದಲನೆಯದೆಂದು ಹೇಳುತ್ತಾರೆ. ಆ ಹರಳೂ ನಮ್ಮ ದೇಶದ ಮಣ್ಣಿನಿಂದ ಹೋದದ್ದೇ ಇರಬೇಕು. ಆದರೆ ಮದುವೆಗೆ ವಜ್ರ ಬೇಕೇ ಬೇಕು ಎನ್ನುವ ರೂಢಿ ಹುಟ್ಟಿದ್ದು ಅರಮನೆಯಲ್ಲಲ್ಲ. ದಕ್ಷಿಣ ಆಫ್ರಿಕದ ಗಣಿಗಳಿಂದ ವಜ್ರ ರಾಶಿ ರಾಶಿಯಾಗಿ ಬರತೊಡಗಿದ ಮೇಲೆ, ಅದನ್ನು ಮಾರಬೇಕಿದ್ದ ಡಿ ಬಿಯರ್ಸ್ ಕಂಪನಿ 1938ರಲ್ಲಿ ಅಮೆರಿಕದ ಜಾಹೀರಾತು ಸಂಸ್ಥೆಯೊಂದನ್ನು ಹಿಡಿಯಿತು. ಅಲ್ಲಿ ಕೆಲಸಕ್ಕಿದ್ದ ಫ್ರಾನ್ಸಿಸ್ ಗೆರೆಟಿ ಎಂಬ ಹೆಣ್ಣುಮಗಳು 1947ರಲ್ಲಿ ವಜ್ರ ಶಾಶ್ವತ ಎಂಬರ್ಥದ ಘೋಷವಾಕ್ಯ ಬರೆದಳು. ಅದು ನಿಂತುಬಿಟ್ಟಿತು. ನಮ್ಮ ಹೊಲದಲ್ಲಿ ವಜ್ರ ಹೆಕ್ಕುವವರ ಮನೆಯ ಹೆಣ್ಣುಮಕ್ಕಳು ಮಾತ್ರ ತಲೆತಲಾಂತರ ಕರಿಮಣಿ, ಅರಿಷಿಣದ ಕೊಂಬಿನಲ್ಲೇ ಮದುವೆಯಾಗಿ ಬಾಳಿದರು. ವಜ್ರವಿಲ್ಲದೆ ಅವರ ಮದುವೆಗೆ ಕೊರತೆಯೇನೂ ಆಗಲಿಲ್ಲ.

ಅದೇ ಜೊನ್ನಗಿರಿಯ ಹತ್ತಿರ, ಗುತ್ತಿ-ಪತ್ತಿಕೊಂಡ ರಸ್ತೆಯಲ್ಲಿ ಎರ್ರಗುಡಿ ಇದೆ. ಅಲ್ಲಿನ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಅವನ ದಕ್ಷಿಣದ ಆಡಳಿತ ಕೇಂದ್ರವಾಗಿದ್ದ ಸುವರ್ಣಗಿರಿ ಇದೇ ಜೊನ್ನಗಿರಿ ಎನ್ನುವ ವಿದ್ವಾಂಸರಿದ್ದಾರೆ; ಕೊಪ್ಪಳ ಜಿಲ್ಲೆಯ ಕನಕಗಿರಿ ಎನ್ನುವವರೂ ಇದ್ದಾರೆ. ಎರ್ರಗುಡಿಯ ಬಂಡೆಯಲ್ಲಿ ಕೊರೆದ ಒಂಬತ್ತನೆಯ ಶಾಸನ ಮದುವೆಯ ಶಾಸ್ತ್ರಗಳ ಬಗ್ಗೆಯೇ ಮಾತಾಡುತ್ತದೆ. ಕಾಯಿಲೆ ಬಂದಾಗ, ಮಕ್ಕಳ ಮದುವೆಯಲ್ಲಿ, ಮಗು ಹುಟ್ಟಿದಾಗ, ಪ್ರಯಾಣ ಹೊರಟಾಗ ಜನ, ಅದರಲ್ಲೂ ಹೆಂಗಸರು, ನಾನಾ ಮಂಗಳಕಾರ್ಯ ಮಾಡುತ್ತಾರೆ. ಮಾಡಲಿ, ಆದರೆ ಅವುಗಳ ಫಲ ಅಲ್ಪ. ಆಳುಗಳನ್ನು, ಸೇವಕರನ್ನು ಸರಿಯಾಗಿ ನಡೆಸಿಕೊಳ್ಳುವುದು, ಹಿರಿಯರನ್ನು ಗೌರವಿಸುವುದು, ಜೀವಿಗಳ ಮೇಲೆ ಕೈ ತಡೆದು ನಡೆಯುವುದು, ಇದೇ ದೊಡ್ಡ ಫಲದ ಮಂಗಳ ಎಂಬುದು ಅದರ ಸಾರ. ಹೆಂಗಸರ ಶಾಸ್ತ್ರಗಳನ್ನು ಕ್ಷುಲ್ಲಕವೆಂದು ಅವನು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಸುರಗಿ ಸುತ್ತುವ ಕೈಗಳು ಹೆಂಗಸರವು, ಆ ಶಾಸ್ತ್ರದ ಬೆಲೆ ನನಗೆ ಗೊತ್ತು. ಆದರೆ ಮದುವೆಯ ಕಾರ್ಯದಲ್ಲಿ ಮನುಷ್ಯರನ್ನು ಹೇಗೆ ನಡೆಸಿಕೊಂಡೆವು ಎಂದು ಲೆಕ್ಕ ಕೇಳಿದ ಆ ಬಂಡೆ ನಮ್ಮ ಸೀಮೆಯಲ್ಲೇ ಇರುವುದನ್ನು ಮರೆಯಲಾಗದು.

ಈಗ ಲೆಕ್ಕಕ್ಕೆ ಬರೋಣ. ಯಾದಿಯಲ್ಲಿ ಬರೆಸುವ ಅಳಿಯನ ಉಂಗುರ ಯಾರ ದುಡ್ಡಿನದು? ಹೆಣ್ಣಿನ ತಂದೆಯದು. ಆ ದುಡ್ಡು ಎಲ್ಲಿಂದ ಬರಬೇಕು? ಹತ್ತಿ, ಈರುಳ್ಳಿ, ಶೇಂಗಾದಿಂದ. ಮಳೆ ಕೈಕೊಟ್ಟ ವರ್ಷ ಸಾಲದಿಂದ. 2025ರಲ್ಲಿ 10 ಗ್ರಾಂ ಶುದ್ಧ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿ ದಾಟಿತು. ಹಳೆಯ ಯಾದಿಗಳಲ್ಲಿದ್ದ ತೂಕ ಮಾತ್ರ ಇಳಿಯಲಿಲ್ಲ. ಅಣ್ಣನಿಗೆ ಹಾಕಿದಷ್ಟು ತಮ್ಮನಿಗೂ ಹಾಕಬೇಕು, ಆ ಮನೆಯವರು ಹಾಕಿದಷ್ಟು ಈ ಮನೆಯವರೂ ಹಾಕಬೇಕು. ಬೆಳ್ಳಿಯ ಮಾತೆತ್ತಿದರೆ ಯಾರಾದರೂ ಒಬ್ಬ ಹಿರಿಯರು ಕೇಳಿಯೇ ಕೇಳುತ್ತಾರೆ: "ಏನಪಾ, ಅಳಿಯಗ ಬೆಳ್ಳಿ ಹಾಕ್ತೀರೇನು? ನಾಕು ಮಂದಿ ಏನಂದಾರು?" ಅಲ್ಲಿಗೆ ಹೆಣ್ಣಿನ ತಂದೆಯ ಬಾಯಿ ಕಟ್ಟಿಹೋಗುತ್ತದೆ.

ಇದನ್ನು ಉಡುಗೊರೆ ಎಂದು ಕರೆದರೆ ತಪ್ಪಿಸಿಕೊಂಡಂತಾಗುವುದಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆ, ಕೇಳದೆ ತಾವಾಗಿ ಕೊಟ್ಟ ಉಡುಗೊರೆಗೆ ಅವಕಾಶ ಇಟ್ಟಿದೆ. ಅದರ ಪಟ್ಟಿ ಬರೆದಿಡಬೇಕು ಎಂದು 1985ರ ನಿಯಮ ಹೇಳುತ್ತದೆ. ವರನಿಗೆ ಹೆಣ್ಣಿನ ಕಡೆಯಿಂದ ಕೊಡುವುದು ರೂಢಿಯದಾಗಿರಬೇಕು, ಕೊಡುವವರ ಶಕ್ತಿಗೆ ಮೀರಿದ್ದಾಗಬಾರದು. ನಮ್ಮ ಯಾದಿ ಇದಕ್ಕೆ ತಿರುಗುಮುರುಗು. ಕೊಟ್ಟ ಮೇಲೆ ಬರೆಯುವ ಪಟ್ಟಿಯಲ್ಲ ಅದು, ಕೊಡುವ ಮುಂಚೆ ಬರೆಸುವುದು. ಕೇಳಿ ಬರೆಸಿದ ಚಿನ್ನ ಬೆರಳಿಗೆ ಬಂದರೂ ಕೊರಳಿಗೆ ಬಂದರೂ ವರದಕ್ಷಿಣೆಯೇ.

ಹಾಗಾಗಿ ಈ ಸೀಮೆಯಲ್ಲಿ ರೂಢಿ ಮುರಿಯುವ ಉಂಗುರ ಯಾವುದು ಎಂದರೆ, ಹುಡುಗ ತನ್ನ ಸಂಬಳದಲ್ಲಿ ಹುಡುಗಿಗೆ, ಹುಡುಗಿ ತನ್ನ ಸಂಬಳದಲ್ಲಿ ಹುಡುಗನಿಗೆ, ಒಂದೇ ತೂಕದಲ್ಲಿ ಮಾಡಿಸಿ ಕೊಟ್ಟದ್ದು. ಅದು ಚಿನ್ನದ್ದಾದರೂ ಆಗಲಿ, ತಾಮ್ರದ್ದಾದರೂ ಆಗಲಿ. ಹೆಣ್ಣಿನ ತಂದೆಯ ಸಾಲದಲ್ಲಿ ಬಂದ ಉಂಗುರ ಎಷ್ಟೇ ಹೊಸ ನಮೂನೆಯದಾಗಿದ್ದರೂ ಹಳೆಯ ಭಾರವನ್ನೇ ಹೊತ್ತಿರುತ್ತದೆ. ಹುಡುಗನೇ ಮುಂದೆ ಬಂದು, "ಮಾವಾ, ಯಾದಿಯಾಗಿಂದು ಉಂಗುರ ತಗೀರಿ, ನಾವಿಬ್ರೂ ಮಾಡಿಸ್ಕೊಂತೀವಿ" ಎಂದರೆ ಸಾಕು. ಈ ಮಾತನ್ನು ಹುಡುಗಿ ಹೇಳಿದರೆ ಬಾಯಿಬಡುಕಿ ಎನ್ನುತ್ತಾರೆ, ಅವಳ ತಂದೆ ಹೇಳಿದರೆ ಕೈಲಾಗದವನು ಎನ್ನುತ್ತಾರೆ. ಅದಕ್ಕೇ ಅದು ಹುಡುಗನ ಬಾಯಿಂದಲೇ ಬರಬೇಕು.

ನಾಲ್ಕು ಮಂದಿಯ ಭಯಕ್ಕೆ ಉತ್ತರ ಊರಲ್ಲೇ ಇದೆ. ಆದವಾನಿಯ ಜಾಮಿಯಾ ಮಸೀದಿಯ ಕಡೆಗೆ ಹೋಗಿ ನೋಡಿ. ಧರ್ಮ ಪಾಲಿಸುವ ಮುಸ್ಲಿಂ ಗಂಡಸರು ಚಿನ್ನ ತೊಡುವುದಿಲ್ಲ, ಬೆಳ್ಳಿಯ ಉಂಗುರವನ್ನೇ ಹಾಕುತ್ತಾರೆ. ಅದರಿಂದ ಯಾವ ಮದುಮಗನ ಮರ್ಯಾದೆಯೂ ಕಡಿಮೆಯಾಗಿಲ್ಲ. ಶತಮಾನಗಳಿಂದ ಒಂದೇ ಪೇಟೆಯಲ್ಲಿ ಕೊಂಡು ಮಾರಿದವರು ನಾವು. ಪಕ್ಕದ ಓಣಿಯ ಈ ಒಂದು ಪದ್ಧತಿಯನ್ನು ಕಡ ತಂದರೆ ನಷ್ಟವೇನಿಲ್ಲ.

ಬೆರಳಿನ ಉಂಗುರದ ಪರವಾಗಿ ಇನ್ನೂ ಒಂದು ಮಾತು ಹೇಳಬೇಕು, ಇದು ನನಗೆ ಬಹಳ ಮುಖ್ಯ. ತಾಳಿ, ಕಾಲುಂಗುರ, ಹಸಿರು ಬಳೆ, ಕುಂಕುಮ, ಮದುವೆಯಾದದ್ದಕ್ಕೆ ಇಷ್ಟೊಂದು ಗುರುತು ಹೆಣ್ಣಿನ ಮೈಮೇಲೆ. ಗಂಡಿನ ಮೈಮೇಲೆ ಒಂದೂ ಇಲ್ಲ. ಗಂಡ ಸತ್ತ ದಿನ ಈ ಎಲ್ಲವನ್ನೂ ಅವಳಿಂದ ಕಿತ್ತುಕೊಳ್ಳುತ್ತಾರೆ. ಕಾಲುಂಗುರ ಬಿಚ್ಚುವ ಆ ಹೊತ್ತನ್ನು ನೋಡಿದ ಯಾರೂ ಮರೆಯುವುದಿಲ್ಲ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಈ ಪದ್ಧತಿಯನ್ನು ನಿಲ್ಲಿಸಲು ಠರಾವು ಮಾಡಿತು. ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ಮತ್ತು ಕಾಲುಂಗುರ ತೆಗೆಯುವುದು ಬೇಡ ಎಂದಿತು. ಅಂಥ ಠರಾವು ನಮ್ಮ ಊರುಗಳಿಗೂ ಬರಬೇಕು. ಬೆರಳಿನ ಉಂಗುರಕ್ಕೆ ನಮ್ಮಲ್ಲಿ ಆ ಕ್ರೂರ ಶಾಸ್ತ್ರ ಅಂಟಿಕೊಂಡಿಲ್ಲ. ಅದು ಇಬ್ಬರ ಕೈಯಲ್ಲೂ ಇರುತ್ತದೆ, ಒಬ್ಬರು ಹೋದರೂ ಇನ್ನೊಬ್ಬರ ಕೈಯಲ್ಲಿ ಉಳಿಯಬಹುದು. ಅದನ್ನು ಬಿಚ್ಚು ಎನ್ನಲು ಯಾರಿಗೂ ಅಧಿಕಾರ ಇಲ್ಲ. ಹೊಸದಾಗಿ ಬಂದ ಪದ್ಧತಿಯೊಂದು ನಮಗೆ ಕೊಟ್ಟ ನಿಜವಾದ ಉಪಕಾರ ಇದು.

ಇನ್ನು ಆಯ್ಕೆ. ಮೊದಲು ನಿಮ್ಮ ಕೈ ಏನು ಕೆಲಸ ಮಾಡುತ್ತದೆ ನೋಡಿಕೊಳ್ಳಿ. ಜಿನ್ನಿಂಗ್ ಫ್ಯಾಕ್ಟರಿ, ಎಣ್ಣೆ ಮಿಲ್ಲು, ಗ್ಯಾರೇಜಿನಲ್ಲಿ ದುಡಿಯುವವರು ಕೆಲಸದ ಹೊತ್ತಿನಲ್ಲಿ ಯಾವ ಲೋಹದ ಉಂಗುರವನ್ನೂ ಹಾಕಬಾರದು. ತಿರುಗುವ ಯಂತ್ರಕ್ಕೆ ಉಂಗುರ ಸಿಕ್ಕಿಕೊಂಡರೆ ಬೆರಳಿನ ಚರ್ಮವನ್ನೇ ಸುಲಿದುಕೊಂಡು ಹೋಗುತ್ತದೆ, ಬೆರಳೇ ಹೋದದ್ದೂ ಉಂಟು. ಕರೆಂಟಿನ ಕೆಲಸದವರಿಗೂ ಇದೇ ಮಾತು. ಅಂಥವರು ಸಿಲಿಕೋನ್ ಉಂಗುರ ಹಾಕಬಹುದು, ಎಳೆತ ಬಿದ್ದರೆ ಅದು ಹರಿದುಹೋಗುತ್ತದೆ. ಹೊಲದ ಕೆಲಸದವರಿಗೆ ಎದ್ದು ನಿಂತ ಹರಳಿನ ಉಂಗುರ ಬರೀ ತೊಂದರೆ.

ಬೆಳ್ಳಿ ಕಪ್ಪಾಗುತ್ತದೆ, ಗೀರು ಬೀಳುತ್ತದೆ, ಆದರೆ ಯಾವ ಪತ್ತಾರನ ಹತ್ತಿರವಾದರೂ ತಿಕ್ಕಿಸಬಹುದು, ಬೆರಳು ದಪ್ಪಗಾದಾಗ ಹಿಗ್ಗಿಸಬಹುದು. ಮದುವೆಯಾದವರ ಬೆರಳು ವಯಸ್ಸಾದಂತೆ ದಪ್ಪಗಾಗುವುದು ಸಹಜ, ಹಾಗಾಗಿ ಹಿಗ್ಗುವ ಗುಣ ದೊಡ್ಡದು. ತಾಮ್ರ ಬೆವರಿಗೆ ಹಸಿರು ಕಲೆ ಬಿಡುತ್ತದೆ, ಅದರಿಂದ ಅಪಾಯವಿಲ್ಲ. ಉಕ್ಕು ಗಟ್ಟಿ, ಅಗ್ಗ. ಆದರೆ ನಿಕ್ಕಲ್ ಅಲರ್ಜಿ ಇರುವವರಿಗೆ ಆಗಿಬರದಿರಬಹುದು. ಟೈಟಾನಿಯಂ ಹಗುರ, ಅದನ್ನು ಹಿಗ್ಗಿಸುವುದು ಕಷ್ಟ. ಟಂಗ್‌ಸ್ಟನ್ ಕಾರ್ಬೈಡ್ ಉಂಗುರಕ್ಕೆ ಸುಲಭವಾಗಿ ಗೀರು ಬೀಳದು, ಅದು ಹಿಗ್ಗುವುದೂ ಇಲ್ಲ. ಬೆರಳು ಊದಿಕೊಂಡರೆ ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಲು ಬರುವುದಿಲ್ಲ, ಒತ್ತಿ ಒಡೆಯಬೇಕಾಗುತ್ತದೆ. ಪಂಚಲೋಹ ಎಂದು ಮಾರುವುದರಲ್ಲಿ ಯಾವ ಲೋಹ ಎಷ್ಟಿದೆ ಎಂಬುದು ಮಾಡುವವನ ಮೇಲೆ ಹೋಗುತ್ತದೆ, ಪತ್ತಾರ ಗುರುತಿನವನಾಗಿದ್ದರೆ ಮಾತ್ರ ಮಾಡಿಸಿ. ಚಿನ್ನವನ್ನೇ ಆರಿಸಿಕೊಂಡರೆ 22 ಕ್ಯಾರೆಟ್ಟಿಗೆ 916, 18 ಕ್ಯಾರೆಟ್ಟಿಗೆ 750 ಎಂಬ ಗುರುತು, ಜೊತೆಗೆ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆ ನೋಡಿ ತಗೊಳ್ಳಿ. ದಿನವೂ ತೊಡುವ ಹರಳಿನುಂಗುರಕ್ಕೆ 18 ಕ್ಯಾರೆಟ್ಟೇ ಮೇಲು, 22ರದು ಮೆತ್ತಗೆ, ಹರಳು ಸಡಿಲಾಗುತ್ತದೆ. ಮನೆಯಲ್ಲಿ ಅಜ್ಜಿಯದೋ ಅವ್ವನದೋ ಮುರಿದ ಒಡವೆ ಇದ್ದರೆ, ಅವರು ಮನಸಾರೆ ಕೊಟ್ಟರೆ, ಅದನ್ನು ಕರಗಿಸಿ ಎರಡು ತೆಳು ಉಂಗುರ ಮಾಡಿಸಿಕೊಳ್ಳುವುದು ನನಗೆ ಎಲ್ಲಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಅಳತೆಯನ್ನು ಸಂಜೆ ಹೊತ್ತು ಕೊಡಿ. ನಮ್ಮ ಬಿಸಿಲಿಗೆ ಬೆರಳು ಊದಿಕೊಳ್ಳುತ್ತದೆ, ಬೆಳಗಿನ ತಂಪಿನಲ್ಲಿ ಕೊಟ್ಟ ಅಳತೆ ಏಪ್ರಿಲ್ ಮಧ್ಯಾಹ್ನಕ್ಕೆ ಬಿಗಿಯಾಗುತ್ತದೆ.

ಕೊನೆಗೆ ಅಕ್ಷರ. ನಮ್ಮ ಕತೆಗಳಲ್ಲಿ ಉಂಗುರ ಬರುವುದು ಒಡವೆಯಾಗಿ ಅಲ್ಲ, ಸಾಕ್ಷಿಯಾಗಿ. ಹನುಮಂತ ಸೀತೆಗೆ ತೋರಿಸಿದ ಉಂಗುರದಲ್ಲಿ ರಾಮನ ಹೆಸರಿತ್ತು, ಅದು ಅವಳ ನಂಬಿಕೆಯನ್ನು ಗಟ್ಟಿ ಮಾಡಿತು. ಮಹಾಭಾರತದ ಶಕುಂತಲೆಗೆ ಉಂಗುರವೇ ಇಲ್ಲ. ಮರೆತ ಗಂಡನಿಗೆ ನೆನಪು ತರಲು ಕಾಳಿದಾಸ ದುಷ್ಯಂತನ ಹೆಸರು ಕೊರೆದ ಉಂಗುರವನ್ನು ತಂದು ಸೇರಿಸಿದ. ಹರಳಿನ ದುಡ್ಡು ಉಳಿಸಿ ಹೆಸರು ಕೊರೆಸುವುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಎಂದು ಬೆಳೆದ ನಮ್ಮ ಮಕ್ಕಳಿಗೆ ಎರಡೂ ಲಿಪಿ ತಮ್ಮವೇ. ಒಬ್ಬರ ಉಂಗುರದ ಒಳಮೈಗೆ ಕನ್ನಡದಲ್ಲಿ, ಇನ್ನೊಬ್ಬರದಕ್ಕೆ ತೆಲುಗಿನಲ್ಲಿ ಕೊರೆಸಬಹುದು. ಹಾಗೆ ಮಾಡಿಸುವವರು ಹೆಸರನ್ನು ಬಾಯಲ್ಲಿ ಹೇಳಿ ಬರಬೇಡಿ. ಎರಡು ಲಿಪಿಗಳಲ್ಲಿ ಎಷ್ಟೋ ಅಕ್ಷರ ಒಂದೇ ಥರ ಕಂಡರೂ ತಲೆಕಟ್ಟು ಬೇರೆ, ಕೊರೆಯುವವನ ಕೈ ತನಗೆ ರೂಢಿಯಾದದ್ದನ್ನೇ ಹಾಕಿಬಿಡುತ್ತದೆ. ಒಂದು ಹಾಳೆಯ ಮೇಲೆ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದು ಕೊಡಿ. ಹುಡುಗನ ಹೆಸರನ್ನು ಹುಡುಗಿ, ಹುಡುಗಿಯ ಹೆಸರನ್ನು ಹುಡುಗ ಬರೆದರೆ ಇನ್ನೂ ಚೆನ್ನ, ಆ ಕೈಬರಹವನ್ನೇ ಕೊರೆಯಲು ಹೇಳಬಹುದು.